ಮಾಂಕ್‌ನ ಕಾರ್ಡು, ಬಾಲಿಯ ಹುಡುಗ, ನಮ್ಮೂರ ತಮಟೆ: ಒಂದು ಜಾಜ್ ಆಲ್ಬಂ ಮತ್ತು ನುಡಿಸುವ ಹಕ್ಕಿನ ಪ್ರಶ್ನೆ

ಕೋಲಾರ ತಾಲ್ಲೂಕಿನ ವಕ್ಕಲೇರಿ ಅಂದ್ರೆ ಇತಿಹಾಸ ಓದಿದವರಿಗೆ ತಕ್ಷಣ ನೆನಪಾಗೋದು ತಾಮ್ರಪಟಗಳು. ಬಾದಾಮಿ ಚಾಲುಕ್ಯರ ಎರಡನೇ ಕೀರ್ತಿವರ್ಮನ ಕಾಲದ, ಕ್ರಿ.ಶ. 757ರ ಶಾಸನ ಅದು. ಕೀರ್ತಿವರ್ಮನ ಅಪ್ಪ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಸೋಲಿಸಿದ ಕತೆ ಅದರಲ್ಲಿದೆ. ಗೆದ್ದವನು ಏನೇನು ತಂದ ಅನ್ನೋ ಪಟ್ಟಿಯೂ ಇದೆ. ಮದಗಜಗಳು, ಮಾಣಿಕ್ಯದ ರಾಶಿ, ಖಟ್ವಾಂಗದ ಧ್ವಜ. ಇವುಗಳ ಜೊತೆಗೇ ಎರಡು ವಾದ್ಯಗಳು: ಕಟುಮುಖವಾದಿತ್ರ ಮತ್ತು ಸಮುದ್ರಘೋಷ.

ಆನೆ, ಮಾಣಿಕ್ಯ ಸರಿ. ವಾದ್ಯ ಯಾಕೆ? ಯಾಕಂದ್ರೆ ಅವು ಬರೀ ಸದ್ದು ಮಾಡುವ ಸಾಮಾನುಗಳಾಗಿರಲಿಲ್ಲ, ಅಧಿಕಾರದ ಗುರುತಾಗಿದ್ದವು. ಸೋತವನ ವಾದ್ಯ ಕಿತ್ತುಕೊಳ್ಳೋದು ಅಂದ್ರೆ ಅವನ ದನಿಯನ್ನೇ ಕಿತ್ತುಕೊಂಡ ಹಾಗೆ. ಯಾರು ನುಡಿಸಬಹುದು, ಎಲ್ಲಿ ನುಡಿಸಬಹುದು, ಅದಕ್ಕೆ ಯಾರ ಅಪ್ಪಣೆ ಬೇಕು ಅನ್ನೋದು ಸಾವಿರದ ಇನ್ನೂರು ವರ್ಷಗಳ ಹಿಂದೆಯೂ ರಾಜಕೀಯವೇ ಆಗಿತ್ತು. ಇವತ್ತಿಗೂ ಆಗಿದೆ. ಅದನ್ನು ಅರ್ಥ ಮಾಡಿಕೊಳ್ಳೋಕೆ ನನಗೆ ತುಂಬ ಸಹಾಯ ಮಾಡಿದ್ದು ಎಲ್ಲೋ ನ್ಯೂಯಾರ್ಕಿನಲ್ಲಿ ಹುಡುಗನೊಬ್ಬ ನುಡಿಸಿದ ಜಾಜ್ ಆಲ್ಬಂ.

ಆಲ್ಬಂ ಹೆಸರು 'ಜೋಯಿ.ಮಾಂಕ್.ಲೈವ್!'. ಬಂದಿದ್ದು 2017ರಲ್ಲಿ. ಪಿಯಾನೋ ನುಡಿಸಿದವನು ಜೋಯಿ ಅಲೆಕ್ಸಾಂಡರ್, ಇಂಡೋನೇಷ್ಯಾದ ಬಾಲಿಯವನು, ಹುಟ್ಟಿದ್ದು 2003ರ ಜೂನ್ 25. ಅಂದ್ರೆ ಆಗ ಅವನಿಗೆ ಹದಿನಾಲ್ಕರ ಆಸುಪಾಸು. ಡಬಲ್ ಬಾಸ್‌ನಲ್ಲಿ ಸ್ಕಾಟ್ ಕೋಲಿ, ಡ್ರಮ್ಸ್‌ನಲ್ಲಿ ವಿಲ್ಲಿ ಜೋನ್ಸ್ ದಿ ಥರ್ಡ್. ಇಬ್ಬರೂ ಐವತ್ತರ ಹತ್ತಿರದವರು. ನುಡಿಸಿದ್ದೆಲ್ಲ ಥೆಲೋನಿಯಸ್ ಮಾಂಕ್ ಎಂಬ ಕಪ್ಪುಜನಾಂಗದ ಮಹಾನ್ ಸಂಗೀತಗಾರನ ರಚನೆಗಳು. 1917ರಲ್ಲಿ ಹುಟ್ಟಿದ ಮಾಂಕ್‌ಗೆ ಅದು ನೂರನೇ ವರ್ಷ.

ಜಾಜ್ ಅಂದ್ರೆ ಸ್ಟಾರ್ ಹೋಟೆಲ್ ಲಾಬಿಯಲ್ಲಿ ಮೆಲ್ಲಗೆ ಕೇಳಿಸೋ ಶ್ರೀಮಂತರ ಸಂಗೀತ ಅಂತ ಅನ್ನಿಸಿದ್ರೆ ಅದು ನಿಮ್ಮ ತಪ್ಪಲ್ಲ. ನಮಗೆ ಅದು ತಲುಪಿದ್ದೇ ಹಾಗೆ. ಹಾಗಾಗಿ ಮೊದಲಿಂದ ನೋಡೋಣ.

ಮೂವರು ಏನು ಮಾಡ್ತಿದ್ದಾರೆ?

ಜಾಜ್ ಟ್ರಿಯೋ ಅಂದ್ರೆ ಮೂವರ ತಂಡ. ಹೆಚ್ಚಾಗಿ ಪಿಯಾನೋ, ಬಾಸ್, ಡ್ರಮ್ಸ್. ಮೊದಲು ಮೂವರೂ ಸೇರಿ ಒಂದು ಧಾಟಿಯನ್ನು ನುಡಿಸ್ತಾರೆ. ಅದು ಮುಗಿದ ಮೇಲೆ ಧಾಟಿ ಮರೆಗೆ ಹೋಗುತ್ತೆ, ಅದರ ಚೌಕಟ್ಟು ಮಾತ್ರ ಉಳಿಯುತ್ತೆ. ಆ ಚೌಕಟ್ಟು ಸುತ್ತು ಹೊಡೀತಾನೇ ಇರುತ್ತೆ, ಅದರ ಮೇಲೆ ಒಬ್ಬೊಬ್ಬರಾಗಿ ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸ್ತಾರೆ. ಕೊನೆಗೆ ಮತ್ತೆ ಮೊದಲಿನ ಧಾಟಿಗೆ ಬಂದು ಸೇರ್ತಾರೆ. ಇಂಜಿನಿಯರಿಂಗ್ ಕಾಲೇಜಿನ ಭಾಷೆಯಲ್ಲಿ ಹೇಳೋದಾದ್ರೆ ಇದೊಂದು ಲೂಪ್. ಕೋಡ್ ಅದೇ, ಆದರೆ ಪ್ರತಿ ಸಲ ಓಡಿದಾಗಲೂ ಔಟ್‌ಪುಟ್ ಬೇರೆ.

ಕರ್ನಾಟಕ ಸಂಗೀತ ಕೇಳಿದವರಿಗೆ ಇದು ಹೊಸದೇನಲ್ಲ. ಪಲ್ಲವಿ ಹಿಡಿದು ಸ್ವರಕಲ್ಪನೆಗೆ ಹೋಗಿ ಮತ್ತೆ ಪಲ್ಲವಿಗೆ ಬಂದು ಬೀಳುವ ಹಾಗೆಯೇ. ಲೆಕ್ಕವೂ ಕಷ್ಟದ್ದಲ್ಲ. ಜಾಜ್‌ನ ಒಂದು ಸಾಮಾನ್ಯ ಚೌಕಟ್ಟು 12 ಬಾರ್‌ನ ಬ್ಲೂಸ್. ಬಾರ್‌ಗೆ 4 ಪೆಟ್ಟಿನಂತೆ ಒಟ್ಟು 48. ಆದಿತಾಳದಲ್ಲಿ ಹಾಕಿ ನೋಡಿದ್ರೆ ಆರು ಆವರ್ತನ. ಇನ್ನೊಂದು ಚೌಕಟ್ಟು 32 ಬಾರ್‌ನದ್ದು, 128 ಪೆಟ್ಟು, ಹದಿನಾರು ಆವರ್ತನ. ತೊಡೆಯ ಮೇಲೆ ತಾಳ ಹಾಕ್ತಾ ಕೂತರೆ ಎಲ್ಲಿ ಸುತ್ತು ಮುಗಿದು ಮತ್ತೆ ಶುರುವಾಯ್ತು ಅಂತ ಎರಡು ಮೂರು ಸಲ ಕೇಳಿದ ಮೇಲೆ ಗೊತ್ತಾಗುತ್ತೆ. ಅಲ್ಲಿಂದ ಜಾಜ್ ಅರ್ಥವಾಗೋಕೆ ಶುರು.

ದೊಡ್ಡ ವ್ಯತ್ಯಾಸ ಇರೋದು ಮೂವರ ಸಂಬಂಧದಲ್ಲಿ. ನಮ್ಮ ಕಛೇರಿಯಲ್ಲಿ ಮೃದಂಗಕ್ಕೆ, ಪಿಟೀಲಿಗೆ 'ಪಕ್ಕವಾದ್ಯ' ಅಂತ ಹೆಸರು. ಹೆಸರಲ್ಲೇ ಜಾಗ ನಿಗದಿಯಾಗಿದೆ. ಜಾಜ್‌ನಲ್ಲೂ ಬಹಳ ಕಾಲ ಬಾಸ್‌ನ ಕೆಲಸ ಇದ್ದಿದ್ದು ಪೆಟ್ಟಿಗೊಂದು ಸ್ವರದಂತೆ ನಡೀತಾ ಹೋಗೋದು ಅಷ್ಟೇ. ಅದನ್ನು ಬದಲಾಯಿಸಿದವರಲ್ಲಿ ಮುಖ್ಯರು ಬಿಲ್ ಇವಾನ್ಸ್‌ನ ಟ್ರಿಯೋ. 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ಅವರು ನುಡಿಸಿದ್ದನ್ನು ರೆಕಾರ್ಡ್ ಮಾಡಲಾಯ್ತು. ಅದರಲ್ಲಿ ಬಾಸ್ ವಾದಕ ಸ್ಕಾಟ್ ಲಾಫಾರೋ ಪಕ್ಕದಲ್ಲಿ ನಡೆಯೋದಿಲ್ಲ, ಪಿಯಾನೋ ಜೊತೆ ಮಾತಿಗೆ ಮಾತು ಕೊಡ್ತಾನೆ. ಹನ್ನೊಂದು ದಿನ ಕಳೆಯುವುದರೊಳಗೆ, 25ನೇ ವಯಸ್ಸಿಗೆ, ಕಾರು ಅಪಘಾತದಲ್ಲಿ ಆತ ಹೋಗಿಬಿಟ್ಟ. ಆ ಒಂದು ಭಾನುವಾರದ ರೆಕಾರ್ಡಿಂಗ್ ಇಲ್ಲದಿದ್ದರೆ ಆ ಮೂವರ ಮಾತುಕತೆಯ ಬಹುಪಾಲು ನಮಗೆ ಸಿಗ್ತಾನೇ ಇರಲಿಲ್ಲ.

ಲೈವ್ ಆಲ್ಬಂನ ಬೆಲೆ ಇರೋದು ಇಲ್ಲೇ. ಸ್ಟುಡಿಯೋದಲ್ಲಿ ತಪ್ಪಿದರೆ ಮತ್ತೆ ನುಡಿಸಬಹುದು, ಕತ್ತರಿಸಿ ಅಂಟಿಸಬಹುದು. ಸಭೆಯ ಮುಂದೆ ಹಾಗಲ್ಲ. ಒಬ್ಬ ಎಲ್ಲೋ ದಾರಿ ತಪ್ಪಿದರೆ ಇನ್ನಿಬ್ಬರು ಅಲ್ಲೇ ಹಿಡಿಯಬೇಕು. ಲೈವ್ ಜಾಜ್ ಅಂದ್ರೆ ಒಬ್ಬರನ್ನೊಬ್ಬರು ಕೇಳಿಸಿಕೊಂಡಿದ್ದಕ್ಕೆ ಸಿಕ್ಕಿರುವ ದಾಖಲೆ.

ಮಾಂಕ್ ಯಾರು, ಅವನ ಕಾರ್ಡಿಗೆ ಏನಾಯ್ತು?

ಪಿಯಾನೋಗೆ ಒಂದು ಮಿತಿ ಇದೆ. ವೀಣೆಯ ತಂತಿಯನ್ನು ಎಳೆದು ಗಮಕ ತೆಗೆದ ಹಾಗೆ ಪಿಯಾನೋದಲ್ಲಿ ಎರಡು ಸ್ವರಗಳ ನಡುವಿನ ಜಾಗಕ್ಕೆ ಹೋಗೋಕೆ ಆಗಲ್ಲ. ಬ್ಲೂಸ್‌ನ ಜೀವ ಇರೋದೇ ಆ ನಡುವಿನ ಜಾಗದಲ್ಲಿ. ಮಾಂಕ್ ಅಕ್ಕಪಕ್ಕದ ಎರಡು ಮನೆಗಳನ್ನು ಒಟ್ಟಿಗೆ ಒತ್ತುತ್ತಿದ್ದ. ಕಿವಿಗೆ ಚುಚ್ಚುವಂಥ ಆ ಡಿಕ್ಕಿಯಲ್ಲೇ ಇಲ್ಲದ ಸ್ವರವೊಂದು ಕೇಳಿಸಿದ ಹಾಗಾಗುತ್ತೆ. ಎಲ್ಲರೂ ಹತ್ತು ಸ್ವರ ಸುರಿಯುವ ಕಡೆ ಅವನು ಎರಡು ನುಡಿಸಿ ಸುಮ್ಮನಾಗ್ತಿದ್ದ. ಅನೇಕರಿಗೆ ಇದು ನುಡಿಸೋಕೆ ಬಾರದವನ ಆಟ ಅನ್ನಿಸಿತ್ತು. ಅವನು ಏನು ಮಾಡ್ತಿದ್ದಾನೆ ಅಂತ ಜನಕ್ಕೆ ಅರ್ಥವಾಗೋಕೆ ಹೆಚ್ಚುಕಮ್ಮಿ ಇಪ್ಪತ್ತು ವರ್ಷ ಬೇಕಾಯ್ತು.

ಅದರ ನಡುವೆ ಆರು ವರ್ಷ ಅವನನ್ನು ಬಹುತೇಕ ಬಾಯಿ ಮುಚ್ಚಿಸಲಾಯ್ತು. ಆಗ ನ್ಯೂಯಾರ್ಕಿನಲ್ಲಿ ಮದ್ಯ ಮಾರುವ ಕ್ಲಬ್ಬುಗಳಲ್ಲಿ ನುಡಿಸಬೇಕಾದ್ರೆ ಪೊಲೀಸರಿಂದ 'ಕ್ಯಾಬರೆ ಕಾರ್ಡ್' ಪಡೆಯಬೇಕಿತ್ತು. ಬೆರಳಚ್ಚು ಕೊಟ್ಟು ಕಾರ್ಡ್ ಮಾಡಿಸಬೇಕು. ಹಾಡುವವರು, ನುಡಿಸುವವರು, ಬಡಿಸುವವರು ಎಲ್ಲರಿಗೂ ಇದೇ ನಿಯಮ. ಯಾವುದೋ ಕೇಸಾದರೆ ಕಾರ್ಡ್ ವಾಪಸ್. 1951ರಲ್ಲಿ ಮಾಂಕ್ ತನ್ನ ಗೆಳೆಯ, ಇನ್ನೊಬ್ಬ ಅಪ್ರತಿಮ ಪಿಯಾನೋ ವಾದಕ ಬಡ್ ಪವೆಲ್ ಜೊತೆ ಕಾರಿನಲ್ಲಿದ್ದಾಗ ಪೊಲೀಸರಿಗೆ ಮಾದಕ ವಸ್ತು ಸಿಕ್ಕಿತು. ಗೆಳೆಯನ ಹೆಸರು ಹೇಳೋಕೆ ಮಾಂಕ್ ಒಪ್ಪಲಿಲ್ಲ. ಅರವತ್ತು ದಿನ ಜೈಲು. ಜೈಲಿಗಿಂತ ದೊಡ್ಡ ಶಿಕ್ಷೆ ಅಂದ್ರೆ ಕಾರ್ಡ್ ರದ್ದಾಗಿದ್ದು. 1957ರವರೆಗೆ ತನ್ನದೇ ಊರಿನ ಕ್ಲಬ್ಬುಗಳಲ್ಲಿ ಅವನು ನುಡಿಸುವ ಹಾಗಿರಲಿಲ್ಲ. ಹೆಂಡತಿ ನೆಲ್ಲಿ ದುಡಿದು ಮನೆ ನಡೆಸಿದಳು. ಹಾಡುಗಾರ್ತಿ ಬಿಲ್ಲಿ ಹಾಲಿಡೇಗೂ ಆಗಿದ್ದು ಇದೇ.

ಕಾಗದದ ಮೇಲೆ ಕಾನೂನು ಎಲ್ಲರಿಗೂ ಒಂದೇ ಇತ್ತು. ಆದರೆ ಪೊಲೀಸರು ಯಾರ ಕಾರು ನಿಲ್ಲಿಸ್ತಿದ್ದರು, ಯಾರ ಜೇಬು ತಡಕುತ್ತಿದ್ದರು ಅನ್ನೋದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅದೇ ಹೊತ್ತಲ್ಲಿ ಅಮೆರಿಕ ಸರ್ಕಾರ ಜಾಜ್ ಕಲಾವಿದರನ್ನು ಸ್ವಾತಂತ್ರ್ಯದ ರಾಯಭಾರಿಗಳು ಅಂತ ಲೋಕವೆಲ್ಲ ಸುತ್ತಿಸ್ತಿತ್ತು. 1956ರಲ್ಲಿ ಡಿಜ್ಜಿ ಗಿಲೆಸ್ಪಿ ಹೊರಟ, 1958ರಲ್ಲಿ ಡೇವ್ ಬ್ರೂಬೆಕ್ ಭಾರತಕ್ಕೂ ಬಂದ. 1957ರಲ್ಲಿ ಲಿಟಲ್ ರಾಕ್‌ನಲ್ಲಿ ಕಪ್ಪು ಮಕ್ಕಳನ್ನು ಶಾಲೆಗೆ ಬಿಡದಿದ್ದಾಗ ಲೂಯಿ ಆರ್ಮ್‌ಸ್ಟ್ರಾಂಗ್ ಸರ್ಕಾರದ ಸೋವಿಯತ್ ಪ್ರವಾಸವನ್ನೇ ನಿರಾಕರಿಸಿದ. ಹೊರಗೆ ತೋರಿಸೋಕೆ ಬೇಕು, ಒಳಗೆ ಬೆರಳಚ್ಚು ಬೇಕು. ಸಂಗೀತಗಾರರ ಜೊತೆ ಪ್ರಭುತ್ವದ ಸಂಬಂಧ ಇಂಥದ್ದು.

ಕಾರ್ಡ್ ಪದ್ಧತಿ 1967ರಲ್ಲಿ ಹೋಯ್ತು. ಆದರೆ ಅದರ ಹಿಂದಿದ್ದ 1926ರ ಕ್ಯಾಬರೆ ಕಾನೂನು ಪೂರ್ತಿಯಾಗಿ ರದ್ದಾಗಿದ್ದು ಯಾವಾಗ ಗೊತ್ತಾ? 2017ರಲ್ಲಿ. ಬಾಲಿಯ ಹುಡುಗ ಅದೇ ಊರಲ್ಲಿ, ಲಿಂಕನ್ ಸೆಂಟರಿನ ಜಾಜ್ ಸಭಾಂಗಣದಲ್ಲಿ ಮಾಂಕ್‌ನ ರಚನೆಗಳನ್ನು ನುಡಿಸಿದ ವರ್ಷವೇ.

ನಮ್ಮದೇ 'ಕ್ಯಾಬರೆ' ಆದೇಶ

ಇದೆಲ್ಲ ದೂರದ ಕತೆ ಅಂದುಕೊಳ್ಳಬೇಡಿ. ವಕ್ಕಲೇರಿಯಿಂದ ಬೆಳಿಗ್ಗೆ ಹೊರಟರೆ ತಿಂಡಿ ಹೊತ್ತಿಗೆ ಬೆಂಗಳೂರು. ಅಲ್ಲಿ 2005ರಿಂದ ಒಂದು ಆದೇಶ ಇದೆ. ಕರ್ನಾಟಕ ಪೊಲೀಸ್ ಕಾಯ್ದೆಯಡಿ ಹೊರಡಿಸಿದ್ದು. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೋತೆಕ್ ನಡೆಸುವ ಜಾಗಗಳಿಗೆಲ್ಲ ಪೊಲೀಸ್ ಲೈಸೆನ್ಸ್ ಕಡ್ಡಾಯ. 2008ರಲ್ಲಿ ಇದರ ಹೆಸರಲ್ಲಿ ಪೊಲೀಸರು ಬಿಗಿ ಮಾಡಿದಾಗ ನಗರದ ರೆಸ್ಟೋರೆಂಟುಗಳಲ್ಲಿ ಸಂಗೀತ ನಿಂತಿತು. ಕಲಾವಿದರು ಬೀದಿಗಿಳಿದರು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಆದೇಶವನ್ನು ಎತ್ತಿಹಿಡೀತು. ಅದಾದ ಕೆಲವೇ ತಿಂಗಳಲ್ಲಿ ಮತ್ತೆ ಅನೇಕ ಪಬ್ಬುಗಳಲ್ಲಿ ಗಿಟಾರು, ಡ್ರಮ್ಸು ಮೂಲೆ ಸೇರಿದವು.

ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಆದೇಶದ ಪರ ವಾದ ಮಾಡುವವರ ಮಾತಲ್ಲಿ ಹುರುಳಿಲ್ಲ ಅಂತಲ್ಲ. ಬೆಂಕಿ ಬಿದ್ದರೆ ಓಡಿಹೋಗೋಕೆ ಬಾಗಿಲಿಲ್ಲದ ಕಟ್ಟಡದಲ್ಲಿ ಇನ್ನೂರು ಜನ ಕೂರಿಸೋದು ಅಪರಾಧವೇ. ಪಕ್ಕದ ಮನೆಯಲ್ಲಿ ಮಗು, ಮುದುಕರು ಮಲಗಬೇಕು, ಅದು ಅವರ ಹಕ್ಕು. ಆದರೆ ಬೆಂಕಿಗೆ ಅಗ್ನಿಶಾಮಕದವರ ನಿಯಮ ಇದೆ, ಸದ್ದಿಗೆ 2000ದ ಶಬ್ದಮಾಲಿನ್ಯ ನಿಯಮಗಳಿವೆ. ಹಾಗಿದ್ದ ಮೇಲೆ ಸಂಗೀತಕ್ಕೆ ಬೇರೆಯಾಗಿ ಪೊಲೀಸರ ಅಪ್ಪಣೆ ಯಾಕೆ? ಜೋರು ಸ್ಪೀಕರ್, ಬಾಗಿಲಿಲ್ಲದ ಕಟ್ಟಡ, ಮಾನವ ಸಾಗಣೆ, ಮೂವರ ಜಾಜ್ ಟ್ರಿಯೋ ಎಲ್ಲವನ್ನೂ ಒಂದೇ ಕಡತಕ್ಕೆ ಹಾಕಿದಾಗ ಪೆಟ್ಟು ಬೀಳೋದು ಯಾರಿಗೆ? ಮಾಲೀಕ ರೆಕಾರ್ಡ್ ಹಾಡು ಹಾಕ್ಕೊಂಡು ವ್ಯಾಪಾರ ಮುಂದುವರಿಸ್ತಾನೆ. ವಾರಕ್ಕೆರಡು ಕಾರ್ಯಕ್ರಮ ನಂಬಿಕೊಂಡ ಬಾಸ್ ವಾದಕನಿಗೆ, ಲೈವ್ ಬ್ಯಾಂಡಿನಲ್ಲಿ ದುಡಿದು ಮನೆ ನಡೆಸುತ್ತಿದ್ದ ಹೆಣ್ಣುಮಗಳಿಗೆ ಆ ತಿಂಗಳ ಬಾಡಿಗೆ ಇಲ್ಲ.

ಇಲ್ಲಿನ ಲೈಸೆನ್ಸ್ ಜಾಗಕ್ಕೆ, ಅಲ್ಲಿನ ಕಾರ್ಡು ವ್ಯಕ್ತಿಗೆ. ಎರಡೂ ಒಂದೇ ಅಲ್ಲ ಅನ್ನೋದು ನಿಜ. ಆದರೆ ನುಡಿಸೋದನ್ನು ಕಲೆ ಅಂತ ನೋಡದೆ ಕಾನೂನು ಸುವ್ಯವಸ್ಥೆಯ ಸಮಸ್ಯೆ ಅಂತ ನೋಡುವ ಕಣ್ಣು ಒಂದೇ.

ಬೆಂಗಳೂರಿಗೆ ಜಾಜ್ ಹೊರಗಿನದ್ದು ಅನ್ನೋ ವಾದವೂ ನಿಲ್ಲಲ್ಲ. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ ಮಾಡಿದ 'ಜ್ಯೋತಿ' ಆಲ್ಬಂ ಬಂದಿದ್ದು 1983ರಲ್ಲಿ. ಹೊರತಂದಿದ್ದು ಯುರೋಪಿನ ಹೆಸರಾಂತ ಜಾಜ್ ಸಂಸ್ಥೆ ಇಸಿಎಂ. ಅಲ್ಲಿ ಕೊನ್ನಕೋಲು ಜಾಜ್‌ಗೆ ಪಕ್ಕವಾದ್ಯವಾಗಿ ನಿಲ್ಲಲಿಲ್ಲ, ಎದುರು ಕೂತು ಮಾತಾಡಿತು.

ಬಾಲಪ್ರತಿಭೆ ಅಂದ್ರೆ ಯಾರು?

ಈಗ ಹುಡುಗನ ಕಡೆ ಬರೋಣ. ಜೋಯಿಗೆ ಆರು ವರ್ಷವಾಗಿದ್ದಾಗ ಅಪ್ಪ ಒಂದು ಪುಟ್ಟ ಎಲೆಕ್ಟ್ರಿಕ್ ಕೀಬೋರ್ಡ್ ತಂದುಕೊಟ್ಟರು. ಹುಡುಗ ಬರೀ ಕೇಳಿ ಕೇಳಿಯೇ ಮಾಂಕ್‌ನ ಧಾಟಿಯೊಂದನ್ನು ನುಡಿಸಿಬಿಟ್ಟ. ಎಂಟು ವರ್ಷಕ್ಕೆ ಜಕಾರ್ತದಲ್ಲಿ ಹರ್ಬಿ ಹ್ಯಾನ್‌ಕಾಕ್ ಎದುರು ನುಡಿಸಿದ. 2013ರಲ್ಲಿ, ಉಕ್ರೇನಿನ ಒಡೆಸಾದಲ್ಲಿ ದೊಡ್ಡವರ ಜೊತೆ ಸ್ಪರ್ಧಿಸಿ ಗೆದ್ದ. ಯೂಟ್ಯೂಬ್ ನೋಡಿ ವಿಂಟನ್ ಮಾರ್ಸಾಲಿಸ್ 2014ರಲ್ಲಿ ನ್ಯೂಯಾರ್ಕಿಗೆ ಕರೆಸಿಕೊಂಡರು. ಮೊದಲ ಆಲ್ಬಂ 'ಮೈ ಫೇವರಿಟ್ ಥಿಂಗ್ಸ್' 2015ರಲ್ಲಿ ಬಂತು, ಎರಡು ಗ್ರ್ಯಾಮಿ ನಾಮನಿರ್ದೇಶನ ತಂತು. 2016ರ ಗ್ರ್ಯಾಮಿ ವೇದಿಕೆಯಲ್ಲಿ ನುಡಿಸಿದಾಗ ಅವನಿಗೆ ಹನ್ನೆರಡು.

ನಮಗೂ ಇಂಥ ಕತೆ ಗೊತ್ತು. ಹಾಸನ ಜಿಲ್ಲೆಯ, ಕಾವೇರಿ ದಡದ ರುದ್ರಪಟ್ಟಣ ಸಂಗೀತಗಾರರ ಊರು. ಅಲ್ಲಿ 1978ರಲ್ಲಿ ಹುಟ್ಟಿದ ಶಶಾಂಕ್ ಹನ್ನೆರಡನೇ ವಯಸ್ಸಿಗೆ, 1991ರ ಜನವರಿ 1ರಂದು, ಮದ್ರಾಸ್ ಮ್ಯೂಸಿಕ್ ಅಕಾಡೆಮಿಯಲ್ಲಿ ಹಿರಿಯ ವಿದ್ವಾಂಸರಿಗೆ ಮೀಸಲಾದ ಹೊತ್ತಿನಲ್ಲಿ ಕೊಳಲು ನುಡಿಸಿದರು. ಮುಂದೆ ಜಾಜ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಅವರ 'ಫ್ಲೋಟಿಂಗ್ ಪಾಯಿಂಟ್' ಆಲ್ಬಂನಲ್ಲೂ ನುಡಿಸಿದರು.

ಈ ಮಕ್ಕಳ ಪ್ರತಿಭೆ ಸುಳ್ಳಲ್ಲ. ಆದರೆ ಪ್ರತಿಭೆ ಕಣ್ಣಿಗೆ ಬೀಳೋಕೆ ಏನೇನು ಬೇಕು ನೋಡಿ. ಮನೆಯಲ್ಲಿ ವಾದ್ಯ ಇರಬೇಕು. ಕೇಳೋಕೆ ಸಂಗೀತ ಇರಬೇಕು. ಅಪ್ಪ ಅಮ್ಮನಿಗೆ ಸಮಯ ಇರಬೇಕು, ಮಗನಿಗಾಗಿ ಊರು ಬಿಡೋ ಧೈರ್ಯ ಇರಬೇಕು. ಕೊನೆಗೆ, ಆ ವಾದ್ಯವನ್ನು ಸಮಾಜ 'ಸಂಗೀತ' ಅಂತ ಒಪ್ಪಿರಬೇಕು.

ಕೊನೆಯದ್ದೇ ನಮ್ಮ ಕಡೆ ದೊಡ್ಡ ಗೋಡೆ. ಕೋಲಾರ ಸೀಮೆಯ ಹಳ್ಳಿಗಳಲ್ಲಿ ಏಳೆಂಟು ವರ್ಷದ ಹುಡುಗ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿ, ಬೆರಳಲ್ಲಿ ತಟ್ಟಿ ನೋಡಿ, ಶ್ರುತಿ ಸರಿಯಾಯ್ತು ಅಂತ ಹೇಳಬಲ್ಲ. ಮೂರು ನಾಲ್ಕು ನಡೆಗಳನ್ನು ತಪ್ಪದೆ ದಾಟಬಲ್ಲ. ಅವನನ್ನು ಯಾರೂ ಬಾಲಪ್ರತಿಭೆ ಅನ್ನಲಿಲ್ಲ. ಅದು ಅವನ ಜಾತಿಯ 'ಕೆಲಸ' ಆಗಿತ್ತು. ಸಾವಿಗೆ ಬಡಿಯಬೇಕು, ಜಾತ್ರೆಗೆ ಬಡಿಯಬೇಕು, ಡಂಗುರಕ್ಕೆ ಬಡಿಯಬೇಕು. ಬಡಿದ ಮೇಲೆ ದೂರ ನಿಲ್ಲಬೇಕು. ಆ ತಮಟೆಗೆ ಬೇರೆ ಮರ್ಯಾದೆ ತಂದಿದ್ದು ಸರ್ಕಾರವಲ್ಲ, ದಲಿತ ಚಳವಳಿ. ಹೋರಾಟದ ಮೆರವಣಿಗೆಯ ಮುಂದೆ ಅದೇ ತಮಟೆ ಬಂತು. ಹಿಂದಿನ ಅವಿಭಜಿತ ಕೋಲಾರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಒಬ್ಬರಿಗೆ ಹನ್ನೆರಡಕ್ಕೆ ಸಿಗುವ ವೇದಿಕೆ ಇನ್ನೊಬ್ಬರಿಗೆ ಎಪ್ಪತ್ತಕ್ಕೆ. ನಡುವಿನ ಅಂತರ ಪ್ರತಿಭೆಯದ್ದಲ್ಲ.

ಜಾಜ್ ಕೂಡ ಹೀಗೆ ಕೀಳಾಗಿ ಕಂಡ ಜನರ ಸಂಗೀತವೇ. ಗುಲಾಮಗಿರಿಯಿಂದ ಹೊರಬಂದವರ ಮಕ್ಕಳು, ಮೊಮ್ಮಕ್ಕಳು ಕಟ್ಟಿದ್ದು. ಇವತ್ತು ಅದು ಹೋಟೆಲ್ ಲಾಬಿಯಲ್ಲಿ ಕೇಳಿಸುತ್ತೆ ಅಂದ್ರೆ ಕಟ್ಟಿದವರ ಹೆಸರು ಒರೆಸಿ ಸದ್ದನ್ನು ಮಾತ್ರ ತಂದುಕೊಂಡಿದ್ದಾರೆ ಅಂತ ಅರ್ಥ. ವಕ್ಕಲೇರಿ ಶಾಸನದ ಪಟ್ಟಿಯಲ್ಲೂ ವಾದ್ಯಗಳ ಹೆಸರಿದೆ, ನುಡಿಸುತ್ತಿದ್ದವರ ಹೆಸರಿಲ್ಲ.

ಹೇಗೆ ಕೇಳೋದು?

ಆಲ್ಬಂ ಸ್ಟ್ರೀಮಿಂಗ್ ಆಪ್‌ಗಳಲ್ಲಿ ಸಿಗುತ್ತೆ. ಇಯರ್‌ಫೋನ್ ಹಾಕ್ಕೊಳ್ಳಿ. ಮೊದಲು 'ಸ್ಟ್ರೈಟ್, ನೋ ಚೇಸರ್'. ಇದು 12 ಬಾರ್‌ನ ಬ್ಲೂಸ್, ತಾಳ ಹಾಕಿ ಸುತ್ತು ಎಣಿಸೋಕೆ ಸುಲಭ. ಆಮೇಲೆ 'ಎವಿಡೆನ್ಸ್'. ಇದರ ಚೌಕಟ್ಟು ಹಳೆಯ ಜನಪ್ರಿಯ ಹಾಡೊಂದರದ್ದು, ಆದರೆ ಮಾಂಕ್ ಅದರ ಮೇಲೆ ಸ್ವರಗಳನ್ನು ಚೆಲ್ಲಾಪಿಲ್ಲಿಯಾಗಿ ಇಟ್ಟಿದ್ದಾನೆ. ಎಲ್ಲಿ ಮೌನ, ಎಲ್ಲಿ ಪೆಟ್ಟು ಅಂತ ಗಮನಿಸಿ. 'ಅಗ್ಲಿ ಬ್ಯೂಟಿ'ಯಲ್ಲಿ ನಾಲ್ಕರ ಬದಲು ಮೂರರ ಎಣಿಕೆ. 'ಪನ್ನೊನಿಕಾ' ಮಾಂಕ್‌ನ ಕಷ್ಟಕಾಲದಲ್ಲಿ ಜೊತೆಗಿದ್ದ ಗೆಳತಿಯ ಹೆಸರಲ್ಲಿ ಬರೆದದ್ದು. ಮಾಂಕ್ 1982ರಲ್ಲಿ ತೀರಿಕೊಂಡಾಗ ವಾಸವಾಗಿದ್ದಿದ್ದು ಆಕೆಯ ಮನೆಯಲ್ಲೇ.

ಎರಡನೇ ಸಲ ಕೇಳುವಾಗ ಹುಡುಗನನ್ನು ಬಿಟ್ಟುಬಿಡಿ. ಬಾಸ್ ಮಾತ್ರ ಹಿಂಬಾಲಿಸಿ. ಮೂರನೇ ಸಲ ಡ್ರಮ್ಸ್. ಆಗ ಗೊತ್ತಾಗುತ್ತೆ, 'ಬಾಲಪ್ರತಿಭೆಯ ಆಲ್ಬಂ' ಅನ್ನೋ ಲೇಬಲ್ಲೇ ಅರ್ಧ ಸತ್ಯ. ಮಗನ ವಯಸ್ಸಿನವನು ದಾರಿ ತೋರಿಸುವಾಗ ಇಬ್ಬರು ಅನುಭವಿಗಳು ಅವನನ್ನು ಮುದ್ದು ಮಾಡ್ತಿಲ್ಲ, ಕಡಿಮೆಯಾಗಿಯೂ ಕಾಣ್ತಿಲ್ಲ. ಅವನು ಒಂದು ಪ್ರಶ್ನೆ ಎಸೆದರೆ ದೊಡ್ಡವರಿಗೆ ಕೊಡುವ ಉತ್ತರವನ್ನೇ ಕೊಡ್ತಿದ್ದಾರೆ. ವಯಸ್ಸು, ಹಿರಿತನ, ದೇಶ ಇವೆಲ್ಲ ಆ ಹೊತ್ತಿಗೆ ವೇದಿಕೆಯ ಕೆಳಗಿವೆ.

ಅಂಥದ್ದೊಂದು ಹೊತ್ತು ಹುಟ್ಟಬೇಕಾದ್ರೆ ನುಡಿಸೋಕೆ ಜಾಗ ಬೇಕು. ನಮ್ಮ ಊರುಗಳಲ್ಲಿ ಆ ಜಾಗ ಎಷ್ಟಿದೆ? ತಾಲ್ಲೂಕು ಕೇಂದ್ರಗಳ ರಂಗಮಂದಿರಗಳು ಸರ್ಕಾರಿ ಸಮಾರಂಭಗಳಿಗೆ ತೆರೆದು ಮುಚ್ಚಿಕೊಳ್ಳುತ್ತವೆ. ಸರ್ಕಾರಿ ಶಾಲೆಗಳಲ್ಲಿ ಸಂಗೀತ ಮೇಷ್ಟ್ರು ಸಿಗೋದು ಅಪರೂಪ. ಬೆಂಗಳೂರಲ್ಲಿ ಜಾಗ ಸಿಕ್ಕರೂ ಪೊಲೀಸ್ ಲೈಸೆನ್ಸಿನ ಕತ್ತಿ ತೂಗುತ್ತಿರುತ್ತೆ. ಹಾಗಾಗಿ ಕೇಳಬೇಕಾದ್ದು ಮೂರೇ. ಬೆಂಕಿ ಮತ್ತು ಸದ್ದಿನ ನಿಯಮ ಬಿಗಿಯಾಗಿರಲಿ, ಸಂಗೀತಕ್ಕೆ ಬೇರೆ ಪೊಲೀಸ್ ಅಪ್ಪಣೆ ಬೇಡ. ತಾಲ್ಲೂಕು ರಂಗಮಂದಿರಗಳು ತಮಟೆಗೂ ಗಿಟಾರಿಗೂ ಒಂದೇ ಬಾಡಿಗೆಗೆ ಸಿಗಲಿ. ಸರ್ಕಾರಿ ಶಾಲೆಯಲ್ಲಿ ಒಂದಾದರೂ ವಾದ್ಯ, ಅದನ್ನು ಕಲಿಸೋಕೆ ಒಬ್ಬರು ಮೇಷ್ಟ್ರು ಇರಲಿ. ಮುಂದಿನ ಚುನಾವಣೆಗೆ ಮತ ಕೇಳೋಕೆ ಬಂದವರ ಮುಂದೆ ರಸ್ತೆ, ನೀರಿನ ಜೊತೆ ಇದನ್ನೂ ಇಡಿ.